ವಸಂತಕ್ಕನ ಷರತ್ತಿನ ದೇವರುಗಳು

ವಸಂತಕ್ಕ ಕಟ್ಟಿದ ದೇವರುಗಳಲ್ಲಿ ಷರತ್ತಿಲ್ಲದವರು ಒಬ್ಬರೂ ಇರಲಿಲ್ಲ. ಅವರು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಜೀವನ್ ಬಿಮಾ ನಗರದ ಅವರ ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಾವು ಮೂವರು ಕಾಲೇಜು ಹುಡುಗಿಯರು ದಾಳ ಉರುಳಿಸುತ್ತ ಕಥೆಯಾಟ ಆಡುತ್ತಿದ್ದೆವು. ಕಥೆ ನಡೆಸುವವರು ಅಕ್ಕ, ಅದರೊಳಗಿನ ಪಾತ್ರಗಳು ನಾವು. ಆ ಲೋಕದಲ್ಲಿ ಮಾಯಾಶಕ್ತಿಯೆಲ್ಲ ದೇವರುಗಳ ಕೈಯಿಂದಲೇ ಬರಬೇಕು. ನೀರಿನ ಮೇಲೆ ನಡೆಸುವ ಕಡಲದೇವರಿಗೆ ಸೋಮವಾರ ರಜೆ. ಸಿಡಿಲದೇವತೆಯ ವರ ನೆಗಡಿಯಾದವರಿಗೆ ಅನ್ವಯಿಸುವುದಿಲ್ಲ. ನಾವು ಗೊಣಗಿದರೆ, "ಕೇಳಿದ್ದೆಲ್ಲ ಕೊಡೋ ದೇವರಿದ್ರೆ ಆಟ ಎರಡೇ ನಿಮಿಷಕ್ಕೆ ಮುಗಿದ್ಹೋಗತ್ತೆ ಕಣ್ರೇ. ಆಮೇಲೆ ಬಜ್ಜಿ ತಿಂದು ಮನೆಗೆ ಹೋಗ್ತೀರಾ?" ಎನ್ನುವರು.

ನಾನು ಶಿವಾಜಿನಗರದವಳು. ಅಬ್ಬಾಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ. ಮನೆತುಂಬ ಜನ; ವಾರಕ್ಕೆ ಆ ಒಂದು ಮಧ್ಯಾಹ್ನ ಮಾತ್ರ ನನ್ನದು. ಆಟದಲ್ಲಿ ನಾನು ವೈದ್ಯೆ. ಗಾಯ ಮಾಯಬೇಕಾದರೆ ವೈದ್ಯೆ ತನ್ನ ದೇವಿಯ ಹೆಸರು ಹಿಡಿದು ಬೇಡಿಕೊಳ್ಳಬೇಕೆಂಬುದು ನಿಯಮ. ಎರಡು ವಾರ ಏನೋ ಗುಣುಗುಟ್ಟಿ ತಪ್ಪಿಸಿಕೊಂಡೆ. ಮೂರನೆಯ ವಾರ ಗೆಳತಿ ಮಾಲಾಳ ಯೋಧೆ ಎದೆಗೆ ಬಾಣ ನಾಟಿ ಬಿದ್ದಳು. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಬರೀ ಆಟಕ್ಕೇ ಆದರೂ ಇನ್ನೊಂದು ದೇವರನ್ನು ಬೇಡಲು ನನ್ನಿಂದಾಗಲಿಲ್ಲ.

"ನಂಗೆ ಇದು ಹೇಳಕ್ಕಾಗಲ್ಲ ಅಕ್ಕಾ. ಇನ್ಮೇಲೆ ಬರಲ್ಲ," ಎಂದೆ. ಹೇಳುವಾಗ ಅಳು ಬಂದಿತ್ತು.

ವಸಂತಕ್ಕ ಬುದ್ಧಿ ಹೇಳಲಿಲ್ಲ, ಕಾರಣವನ್ನೂ ಕೇಳಲಿಲ್ಲ. "ಅಷ್ಟಕ್ಕೆ ಆಟ ಯಾಕೆ ಬಿಡ್ತೀಯ? ಫಾರಮ್ ತಿದ್ದೋಣ," ಎಂದು ನನ್ನ ಪಾತ್ರದ ಹಾಳೆ ಎಳೆದುಕೊಂಡರು. 'ದೇವರು' ಎಂಬಲ್ಲಿ ಕೆಂಪು ಶಾಯಿಯಿಂದ ಗೀಟು ಹಾಕಿ, 'ಅನ್ವಯಿಸುವುದಿಲ್ಲ' ಎಂದು ಬರೆದು, ಕಚೇರಿಯಲ್ಲಿ ಮಾಡುವ ಹಾಗೆಯೇ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು. 'ಶಕ್ತಿಯ ಮೂಲ' ಎಂಬಲ್ಲಿ ಬರೆದದ್ದು 'ಕೈಗುಣ'.

"ಆದ್ರೆ ಷರತ್ತಿದೆ. ದೇವಿಯಾದ್ರೆ ಎಲ್ಲಿಂದ ಕೂಗಿದ್ರೂ ವಾಸಿ ಮಾಡ್ತಿದ್ಲು. ನೀನು ಹತ್ರ ಹೋಗಿ ಮುಟ್ಬೇಕು. ಬಾಣ ಇನ್ನೂ ಬೀಳ್ತಾ ಇದೆ, ನೋಡ್ಕೋ."

ಬಾಣಗಳ ನಡುವೆಯೇ ಓಡುತ್ತೇನೆಂದು ದಾಳ ಎಸೆದೆ. ಒಂದು ಬಾಣ ಭುಜಕ್ಕೆ ತಗುಲಿತು, ಆದರೂ ಮಾಲಾ ಬದುಕಿದಳು. ಅವತ್ತು ಬಜ್ಜಿ ಬಹಳ ರುಚಿಯಾಗಿತ್ತು.

ಎಷ್ಟೋ ವರ್ಷಗಳ ಮೇಲೆ ಅಕ್ಕನಿಗೆ ಕತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಪರೀಕ್ಷೆಯ ವರದಿ ಬರುವ ದಿನ ಆಸ್ಪತ್ರೆಗೆ ಜೊತೆಗೆ ಹೋಗಿದ್ದೆ. ಎರಡು ಕುರ್ಚಿ ಆಚೆ ಕುಳಿತು ಮನಸ್ಸಿನಲ್ಲೇ ದುವಾ ಮಾಡುತ್ತಿದ್ದೆ. ಆಟದಲ್ಲಿ ನಮ್ಮನ್ನೆಲ್ಲ ಹೆದರಿಸುತ್ತಿದ್ದ ಅಕ್ಕನ ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ಕೈಚಾಚಿದರು.

"ಅಲ್ಲಿಂದ ಆಗಲ್ಲ ಕಣೇ. ನಿನ್ನ ಫಾರಮ್ಮಲ್ಲಿ 'ಕೈಗುಣ' ಅಂತ ಬರ್ದಿದೀನಿ."

ಹೋಗಿ ಕೈ ಹಿಡಿದೆ. ಗಡ್ಡೆಯಿಂದ ಅಪಾಯವೇನಿಲ್ಲ ಎಂದರು ಡಾಕ್ಟರು. ಮುಂದಿನ ತಿಂಗಳು ಅಕ್ಕ ಮೈಸೂರಿನ ತಂಗಿಯ ಮನೆಯಲ್ಲೇ ಇರಲು ಹೋದರು; ಮತ್ತೆ ನಾನು ಅವರನ್ನು ನೋಡಲಿಲ್ಲ. ವರದಿ ಬಂದ ದಿನ ಮಾತ್ರ ನಾನು ಆಟೋ ಹತ್ತಿಸುವವರೆಗೂ ಅವರು ನನ್ನ ಕೈ ಬಿಟ್ಟಿರಲಿಲ್ಲ.