ಊಟ ಆಯ್ತಾ ಅಂತ ಕೇಳುವ ಕಂಪ್ಯೂಟರು

ಬೆಳಗ್ಗೆ ಹತ್ತಕ್ಕೆ ಆಫೀಸಿಗೆ ಹೋದರೆ ನನ್ನನ್ನು ಮೊದಲು ಮಾತಾಡಿಸುವುದು ಸಾಹೇಬರಲ್ಲ, ಅಟೆಂಡರ್ ಮುನಿವೆಂಕಟಪ್ಪನೂ ಅಲ್ಲ. ಕಂಪ್ಯೂಟರು! ಸ್ವಿಚ್ ಹಾಕಿ ಒಂದು ನಿಮಿಷ ಕಾದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು ಮೂಡುತ್ತದೆ: 'ಊಟ ಆಯ್ತಾ ಅಣ್ಣ?' ಆಗಿದ್ದರೆ 'ವೈ' ಒತ್ತಬೇಕು, ಆಗಿಲ್ಲದಿದ್ದರೆ 'ಎನ್'. ಎರಡರಲ್ಲಿ ಒಂದು ಒತ್ತುವ ತನಕ ಅದು ಮುಂದಕ್ಕೆ ಹೋಗುವುದಿಲ್ಲ.

ಹೋದ ಸೋಮವಾರ ಅದು ಕೇಳಲಿಲ್ಲ.

ಈ ಪ್ರಶ್ನೆ ಕಂಪನಿಯವರು ಇಟ್ಟದ್ದಲ್ಲ. ವೆಂಕಟರವಣ ಇಟ್ಟದ್ದು. ನಂಗಲಿ ಕಡೆಯವನು, ನಾಲ್ಕು ವರ್ಷ ನನ್ನ ಪಕ್ಕದ ಟೇಬಲ್ಲು. ಕೋಲಾರದ ನಮ್ಮ ರೇಷ್ಮೆ ಆಫೀಸಿಗೆ ಕಂಪ್ಯೂಟರ್ ಬಂದಾಗ ನಾವೆಲ್ಲ ಚಪ್ಪಲಿ ಬಿಟ್ಟು ದೂರ ನಿಂತಿದ್ದೆವು. ಅವನೊಬ್ಬನೇ ಅದರ ಮುಂದೆ ಕೂತು, ಜೊತೆಗೆ ಬಂದ ದಪ್ಪ ಪುಸ್ತಕ ಓದಿ ಓದಿ ಕಲಿತ. ದಿನಾ ನಾನು ಒಳಗೆ ಕಾಲಿಡುತ್ತಲೇ "ಏಮಣ್ಣಾ, ಊಟ ಆಯ್ತಾ?" ಅಂತ ಅರ್ಧ ತೆಲುಗು, ಅರ್ಧ ಕನ್ನಡ.

ಯುಗಾದಿ ಆದಮೇಲೆ ಅವನಿಗೆ ಬೀದರಿಗೆ ವರ್ಗವಾಯಿತು. ಹೋಗುವ ಹಿಂದಿನ ದಿನ ಕೂತು ಆ ಪ್ರಶ್ನೆಯನ್ನು ಕಂಪ್ಯೂಟರಿನೊಳಗೆ ಇಟ್ಟ. "ನಾನಿಲ್ದಿದ್ರೂ ಇದು ಕೇಳ್ತದೆ ಬಿಡಣ್ಣ" ಅಂದ.

ನಾನು ದಿನಾ ವೈ ಒತ್ತುತ್ತೇನೆ. (ಮಾಲೂರಿನಿಂದ ಎಂಟರ ಬಸ್ಸಿಗೆ ಓಡುವವನಿಗೆ ಕಾಫಿ ಸಿಕ್ಕರೆ ಪುಣ್ಯ. ಊಟ ಎಲ್ಲಿಂದ ಬರಬೇಕು?) ನಮ್ಮ ಕಡೆ ಊಟ ಆಯ್ತಾ ಅಂದರೆ ಆಯ್ತು ಅನ್ನಬೇಕು. ಇಲ್ಲ ಅಂದರೆ ಕೇಳಿದವರು ಎಲೆ ಹಾಕಬೇಕಾಗುತ್ತದೆ. ಅದು ಸುಳ್ಳಲ್ಲ, ಮರ್ಯಾದೆ. ರವಣನೂ ಅಷ್ಟೇ. ಮಧ್ಯಾಹ್ನ ನಾನು ಕ್ಯಾರಿಯರ್ ಬಿಚ್ಚಿ "ಬಾರೋ" ಅಂದರೆ "ನಂದಾಯ್ತಣ್ಣ" ಅನ್ನುತ್ತಾ ಹೊರಗಿನ ಹುಣಸೆ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದ. ಒಂಟಿ ರೂಮಿನವನು. ರೂಮಿನಲ್ಲೇ ಮಾಡಿಕೊಂಡು ಉಂಡು ಬಂದಿರಬೇಕು ಅಂದುಕೊಳ್ಳುತ್ತಿದ್ದೆ.

ಸರಿ, ಸೋಮವಾರದ ಕಥೆಗೆ ಬರುತ್ತೇನೆ. ಕ್ಯಾಲನೂರಿನಿಂದ ದೇವರಾಯಸಮುದ್ರದ ತನಕ ಹಿಪ್ಪುನೇರಳೆ ಬೆಳೆಯುವವರ ಪಟ್ಟಿ ಉದ್ದವಾಗುತ್ತಾ ಹೋಗಿ, ಮೆಮೊರಿ ಸಾಲದು ಅಂತ ಕಂಪ್ಯೂಟರ್ ತಕರಾರು ತೆಗೆಯಿತು. ಬೆಂಗಳೂರಿನಿಂದ ಪಾರ್ಸೆಲ್ಲಿನಲ್ಲಿ ಹದಿನೆಂಟು ಹೊಸ ಚಿಪ್ ಬಂದವು. ಜರಿಹುಳುವಿನ ಹಾಗೆ ಎರಡೂ ಕಡೆ ಎಂಟೆಂಟು ಕಾಲು. "ರೇಡಿಯೋ ಬಿಚ್ಚೋ ಕೈ ನಿಂದು, ನೀನೇ ಹಾಕಯ್ಯ" ಅಂದರು ಸಾಹೇಬರು. (ಮನೆಯಲ್ಲಿ ಹಳೆಯ ರೇಡಿಯೋ ಬಿಚ್ಚಿ ಜೋಡಿಸುವುದು ನನ್ನ ಹುಚ್ಚು.) ಡಬ್ಬ ಬಿಚ್ಚಿದೆ. ಮುನಿವೆಂಕಟಪ್ಪ ಪೂಜೆ ಮಾಡಿದ. ಹೊಸ ಚಿಪ್ಪುಗಳನ್ನು ಒಂದೊಂದಾಗಿ ಕೂರಿಸಿ ಸ್ವಿಚ್ ಹಾಕಿದೆ.

ಫ್ಯಾನ್ ತಿರುಗಿತು. ಕೀಂ, ಕೀಂ ಅಂತ ಕೂಗಿತು. ಪರದೆ ಕಪ್ಪು.

ಬೆಂಗಳೂರಿಗೆ ಟ್ರಂಕ್ ಕಾಲ್. ಆ ಕಡೆ ಇಂಜಿನಿಯರು. ಚಿಪ್ಪಿನ ಕಾಲು ಬಾಗಿದೆಯಾ? ಇಲ್ಲ. ಬೋರ್ಡಿನ ಮೇಲಿನ ಸಣ್ಣ ಸ್ವಿಚ್ಚುಗಳು ಸರಿಯಿವೆಯಾ? ಇವೆ. ಹೊಸವನ್ನೆಲ್ಲ ಕಿತ್ತು, ಸ್ವಿಚ್ಚು ಮೊದಲಿನ ಹಾಗೆ ಮಾಡಿ, ಹಳೆಯವುಗಳಲ್ಲೇ ನೋಡಿ. ನೋಡಿದೆ. ಮತ್ತೆ ಕೀಂ, ಕೀಂ.

"ಹಾಗಾದ್ರೆ ಬೋರ್ಡೇ ಹೋಗಿದೆ ಸಾರ್. ಡಬ್ಬ ಬಸ್ಸಿಗೆ ಹಾಕಿ. ಡಿಸ್ಕನ್ನೂ ಪೂರ್ತಿ ಅಳಿಸಿ ಫ್ರೆಶ್ ಮಾಡಿ ಕೊಡ್ತೀವಿ. ಪಟ್ಟಿ ಹೇಗೂ ಫ್ಲಾಪಿಲಿ ಇದೆಯಲ್ಲ?"

ಪಟ್ಟಿ ಇದೆ. ರವಣನ ಪ್ರಶ್ನೆ ಫ್ಲಾಪಿಯಲ್ಲಿಲ್ಲ.

ಹೇಳಿಕೊಂಡೆ. "ಹೋದ್ರೆ ಹೋಗ್ಲಿ ಬಿಡಯ್ಯ, ಊಟ ಆಯ್ತಾ ಅಂತ ನಾನ್ ಕೇಳ್ತೀನಿ" ಅಂದರು ಸಾಹೇಬರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೀದರಿಗೆ ಎರಡು ಕಾಗದ ಬರೆದಿದ್ದೆ, ಎರಡಕ್ಕೂ ಉತ್ತರವಿಲ್ಲ. ಅವನದು ಅಂತ ಈ ಆಫೀಸಿನಲ್ಲಿ ಉಳಿದಿದ್ದದ್ದು ಆ ಒಂದು ಸಾಲು. ಅದೂ ಹೋದರೆ ಪಕ್ಕದ ಟೇಬಲ್ಲು ನಿಜವಾಗಿಯೂ ಖಾಲಿ.

ಸಾಹೇಬರ ಹತ್ತಿರ ಸಂಜೆ ತನಕ ಟೈಮ್ ಕೇಳಿದೆ. ಕಿಟಕಿಯ ಬಿಸಿಲಿಗೆ ಡಬ್ಬ ಎಳೆದು, ಈ ಸಲ ಹಳೆಯ ಚಿಪ್ ಒಂದನ್ನು ಮೆಲ್ಲಗೆ ಎಬ್ಬಿಸಿದೆ. ಬೆರಳೆಲ್ಲ ಕೆಂಪು!

"ಮುನಿವೆಂಕಟಪ್ಪಾ, ಹಳೇವಕ್ಕೂ ಕುಂಕುಮ ಇಟ್ಟೆಯೇನೋ?"

"ಹೊಸವಕ್ಕೆ ಮಾತ್ರ ಇಟ್ರೆ ಹಳೇವು ಏನನ್ಕೊಳ್ತವೆ ಸಾರ್?"

ನೀರಲ್ಲಿ ಕಲಸಿದ ಕುಂಕುಮ. ಬೆನ್ನ ಮೇಲೆ ಇಟ್ಟದ್ದು ಇಳಿದು ಕಾಲಿನ ಸಂದಿಯಲ್ಲೆಲ್ಲ ಕೂತಿತ್ತು. ಅವನನ್ನು ಬೈಯಲು ನನಗೇನು ಹಕ್ಕು? ಹೊಸವುಗಳ ಮೇಲಿನ ಬೊಟ್ಟುಗಳನ್ನು ನಾನೂ ನೋಡಿದ್ದೆ, ಕೈ ಮುಗಿದೂ ಇದ್ದೆ. ಕುಂಕುಮವಿಲ್ಲದ ಯಂತ್ರವನ್ನು ನಮ್ಮ ಸೀಮೆಯಲ್ಲಿ ಯಾರು ಕಂಡಿದ್ದಾರೆ? ಅದೂ ಒಂದು ಕಾರಣವಾದೀತು ಅಂತ ಫೋನಿನಲ್ಲಿ ಹೇಳುವುದು ಹೊಳೆಯಲೇ ಇಲ್ಲ.

ಹಳೆಯ ಟೂತ್‌ಬ್ರಷ್, ಒಂದು ಸೀಸೆ ಸ್ಪಿರಿಟ್ಟು. ಒಂದೊಂದೇ ಚಿಪ್ಪಿನ ಕಾಲು ತೊಳೆದು, ಒಣಗಿಸಿ, ಹಳೆಯದು ಹೊಸದು ಎಲ್ಲವನ್ನೂ ಕೂರಿಸಿ, ಸಣ್ಣ ಸ್ವಿಚ್ಚುಗಳನ್ನು ಮತ್ತೆ ಹೊಂದಿಸುವ ಹೊತ್ತಿಗೆ ಮೂರು ಗಂಟೆ. ಸ್ವಿಚ್ ಹಾಕಿದೆ. ಮೆಮೊರಿ ಎಣಿಸುವ ಅಂಕಿಗಳು ಏರಿದವು, ಹಿಂದೆಂದೂ ಮುಟ್ಟದ ಆರುನೂರ ನಲವತ್ತಕ್ಕೆ ಬಂದು ನಿಂತವು.

'ಊಟ ಆಯ್ತಾ ಅಣ್ಣ?'

ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿತು.

ಅಭ್ಯಾಸದಂತೆ ಬೆರಳು ವೈ ಕಡೆ ಹೋಯಿತು. ಟೇಬಲ್ಲಿನ ಮೇಲೆ ಕ್ಯಾರಿಯರ್ ಮುಚ್ಚಿದ ಹಾಗೇ ಇತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಇಷ್ಟೆಲ್ಲ ಪಾಡು ಪಟ್ಟು ಬದುಕಿಸಿಕೊಂಡ ಪ್ರಶ್ನೆಗೆ ಇವತ್ತೂ ಸುಳ್ಳು ಹೇಳುವುದೇ? ಮೊದಲ ಸಲ ಎನ್ ಒತ್ತಿದೆ.

ಪರದೆಯ ಮೇಲೆ, ಇಷ್ಟು ತಿಂಗಳು ಯಾರೂ ನೋಡದ ಇನ್ನೊಂದು ಸಾಲು ಬಂತು:

'ನಡಿ ಅಣ್ಣ, ನಂದೂ ಆಗಿಲ್ಲ.'

ಹುಣಸೆ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದವನನ್ನು ಒಂದು ದಿನವಾದರೂ ಕೈ ಹಿಡಿದು ಎಳೆದು ಕೂರಿಸಲು ನನಗೇನಾಗಿತ್ತು?