ಹಸಿರು ಸಾಲಿನ ಮನುಷ್ಯ

ಹೋದ ವಾರ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಂಸ್ಥೆಯಲ್ಲಿ, ವಿಜ್ಞಾನಿಗಳಿಗೆ ಫೈಲ್ ಹೇಗೆ ಇಡಬೇಕು ಅಂತ ಪಾಠ ಮಾಡಿದರು. ನಾನೂ ಕೂತಿದ್ದೆ.

ನಗಬೇಡಿ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನಿಗೆ ಅಲ್ಲೇನು ಕೆಲಸ ಅಂದಿರಾ? ಇತ್ತು. ವರ್ತೂರು ಕೆರೆಯಲ್ಲಿ ದೋಣಿ ನಡೆಸಿ, ಸೆನ್ಸರ್ ಇಳಿಸಿ, ರೀಡಿಂಗ್ ತೆಗೆದುಕೊಂಡು ಬರೋನು ನಾನು. (ಕೊಳಚೆಗೆ ಬಿಳಿ ನೊರೆ ಎದ್ದ ದಿನವೂ. ಅವತ್ತು ಬೇರೆಯವರು ಕೆರೆ ಹತ್ತಿರ ಬಂದರೆ ಸೆಲ್ಫಿಗೆ ಮಾತ್ರ.) ಆ ಕೆರೆಯ ಮೇಲೆ ಸಂಶೋಧನೆ ಮಾಡುವ, ಆಗಾಗ ನನ್ನ ದೋಣಿಗೂ ಹತ್ತುವ ಶಾಲಿನಿ ಮೇಡಂ, ಸೆನ್ಸರ್ ಪೆಟ್ಟಿಗೆ ಎಲ್ಲರಿಗೂ ತೋರಿಸಬೇಕು, ತಂದುಕೊಡಿ ಅಂದಿದ್ದರು. ವಾಪಸ್ ಹೊರಬೇಕಲ್ಲ? ಹಿಂದಿನ ಸಾಲಲ್ಲಿ ಕಾದುಕೊಂಡು ಕೂತೆ.

ಪಾಠ ಮಾಡಿದವರು ಬಸವರಾಜ್, ಕಲಬುರಗಿ ಕಡೆಯವರು. ಹೊಸ ಥರದ ಕಂಪ್ಯೂಟರ್ ಫೈಲಂತೆ, ಎಚ್‌ಡಿಎಫ್ ಅಂತ. ಗಾಬರಿಯಾಗಬೇಡಿ. ಕುಂದಲಹಳ್ಳಿಯ ಬಾಡಿಗೆ ಬಿಲ್ಡಿಂಗ್ ನೋಡಿದ್ದೀರಲ್ಲ? ಅದೇ. ಗೇಟು ಒಂದೇ. ಒಳಗೆ ಮಹಡಿಗಳು, ಮಹಡಿಯಲ್ಲಿ ಮನೆಗಳು, ಮನೆಯಲ್ಲಿ ರೂಮುಗಳು. ಕೆರೆಗೊಂದು ಮಹಡಿ, ಕೆರೆಯ ಒಂದೊಂದು ಜಾಗಕ್ಕೆ ಒಂದೊಂದು ಮನೆ. ನೀರಿನ ಬಿಸಿಗೊಂದು ರೂಮು, ಆಮ್ಲಜನಕಕ್ಕೊಂದು ರೂಮು. ಅಂಕಿಗಳ ವಾಸ ರೂಮಿನಲ್ಲಿ.

ನನಗೆ ಹಿಡಿಸಿದ್ದು ಬೋರ್ಡು. ಪ್ರತಿ ಬಾಗಿಲಿಗೂ ಬೋರ್ಡ್ ಹಾಕಬಹುದು. ಎಷ್ಟು ಆಳ, ಯಾವ ಅಳತೆ, ಯಾವ ಯಂತ್ರ, ಯಾರು ತೆಗೆದದ್ದು. ಫೈಲ್ ಯಾವ ದೇಶಕ್ಕೆ ಹೋದರೂ ಬೋರ್ಡು ಜೊತೆಗೇ ಹೋಗುತ್ತೆ.

"ಈಗ ನಿಮ್ಮ ಹಳೇ ಎಕ್ಸೆಲ್ ಹಾಕ್ರಿ, ನೋಡೋಣು" ಅಂದರು ಬಸವರಾಜ್.

ಶಾಲಿನಿ ಮೇಡಂ ಹಾಕಿದರು. ಅಂಕಿಗಳೆಲ್ಲ ಸಲೀಸಾಗಿ ರೂಮು ಸೇರಿದವು. ಬಣ್ಣ ಸೇರಲಿಲ್ಲ.

"ಅಯ್ಯೋ, ಗ್ರೀನ್ ಎಲ್ಲೋಯ್ತು?"

"ಯಾವ ಗ್ರೀನ್ ರೀ?"

"ಗ್ರೀನ್ ಸಾಲು ಅಂದ್ರೆ ನಮ್ಮ ಬೋಟ್ ಅಣ್ಣ ತೆಗೆದ ರೀಡಿಂಗ್. ಬಿಳಿ ಅಂದ್ರೆ ಸ್ಟೂಡೆಂಟ್ಸ್ ತೆಗೆದಿದ್ದು."

"ಎಲ್ಲೆರೆ ಬರದೀರೇನು ಅದನ್ನ?"

"ಬರೀಬೇಕಾ? ನಮ್ಮ ಲ್ಯಾಬಲ್ಲಿ ಎಲ್ರಿಗೂ ಗೊತ್ತಲ್ಲ."

"ಇದರಾಗ ಬಣ್ಣ ಬರಂಗಿಲ್ರಿ ಮೇಡಂ. ಅಕ್ಷರದಾಗ ಬರೀಬೇಕು."

ಮೂರು ವರ್ಷ ಆ ನೀರಿನ ಮೇಲೆ ಬೆವರು ಸುರಿಸಿದ್ದೀನಿ. ವಿಜ್ಞಾನದಲ್ಲಿ ನಾನೊಂದು ಬಣ್ಣ ಅನ್ನೋದು ಗೊತ್ತಾಗಿದ್ದೇ ಅವತ್ತು. ಗೊತ್ತಾಗುವ ಹೊತ್ತಿಗೆ ಅದೂ ಹೋಗಿತ್ತು.

ಮೇಡಂ ಬೋರ್ಡ್ ಬರೆಯೋಕೆ ಶುರು ಮಾಡಿದರು. ಯಂತ್ರ ಯಾವುದು? ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಎಲ್ಲ ಹಾಕಿದರು. ಯಾರು ತೆಗೆದದ್ದು? 'ಫೀಲ್ಡ್ ಅಸಿಸ್ಟೆಂಟ್'. ಗೋಡೆಯಷ್ಟು ದೊಡ್ಡ ಪರದೆ ಮೇಲೆ.

ಎದ್ದು ನಿಂತೆ.

"ಮೇಡಂ, ಸೆನ್ಸರ್‌ಗೆ ನಂಬರ್ ಸಮೇತ ಹಾಕಿದ್ರಿ. ನಂಗೂ ಒಂದು ಹೆಸರೈತೆ."

ಮುಂದಿನ ಸಾಲಿನಿಂದ ಹಿರಿಯ ಪ್ರೊಫೆಸರ್ ಒಬ್ಬರು ತಿರುಗಿದರು. "ಫೀಲ್ಡ್ ಸ್ಟಾಫ್ ಹೆಸರು ಹಾಕೋ ಪದ್ಧತಿ ಇಲ್ಲಪ್ಪ. ಅವರು ಬರ್ತಾರೆ, ಹೋಗ್ತಾರೆ."

"ಸೆನ್ಸರ್ರೂ ಅಂಗೇ ಸಾರ್. ಮೊದಲನೇದು ಕೆಟ್ಟೋಯ್ತು, ಇದು ಎರಡನೇದು. ಇಳಿಸೋನು ಮಾತ್ರ ಅವನೇ."

ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರ್ ನಗಲಿಲ್ಲ.

"ನೋಡಪ್ಪ, ಹೆಸರು ಹಾಕಿದ್ರೆ ನಾಳೆ ಅಂಕಿ ತಪ್ಪಾದಾಗ ನಿನ್ನನ್ನೇ ಹಿಡ್ಕೊಂಡು ಕೇಳ್ತಾರೆ."

"ಕೇಳ್ಲಿ ಅಂತಾನೇ ಸಾರ್. ಅಸಿಸ್ಟೆಂಟ್ ಅಂತಿದ್ರೆ ಯಾರನ್ನ ಹುಡುಕ್ಕೊಂಡ್ ಬರ್ತಾರೆ?"

ನಾನು ಹಾರ ಕೇಳಲಿಲ್ಲ, ಗಮನಿಸಿ. ನಮ್ಮ ಸುತ್ತ ಇರೋ ಅಪಾರ್ಟ್‌ಮೆಂಟುಗಳನ್ನೇ ನೋಡಿ. ಲಿಫ್ಟಿನೊಳಗೆ ಅದನ್ನು ಮಾಡಿದ ಕಂಪನಿಯ ಹೆಸರು ಸ್ಟೀಲ್ ಪ್ಲೇಟಿನಲ್ಲಿ ಹೊಳೆಯುತ್ತೆ. ಆ ಪ್ಲೇಟು ದಿನಾ ಹೊಳೆಯೋ ಹಾಗೆ ಒರೆಸೋರು? 'ಹೌಸ್‌ಕೀಪಿಂಗ್'. ಗೀರು ಬಿದ್ದ ದಿನ ಮಾತ್ರ ಅವರು ಯಾರು ಅಂತ ವಾಟ್ಸಾಪ್ ಗ್ರೂಪಿನಲ್ಲಿ ವಿಚಾರಣೆ. ಕೆಲಸಕ್ಕೆ ಹೆಸರಿಲ್ಲ, ಬೈಗುಳಕ್ಕೆ ಹೆಸರು ಬೇಕು. ನಾನು ಎರಡಕ್ಕೂ ಒಂದೇ ಹೆಸರು ಕೊಡ್ತೀನಿ ಅಂದೆ, ಅಷ್ಟೇ.

ಬಸವರಾಜ್ ತೀರ್ಪು ಕೊಟ್ಟರು. "ಫೈಲ್ ಏನೂ ಬ್ಯಾಡ ಅನ್ನಂಗಿಲ್ರಿ. ಜಾಗ ಅದ, ಬರೀರಿ."

ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. ಮೇಡಂ 'ಫೀಲ್ಡ್ ಅಸಿಸ್ಟೆಂಟ್' ಅಳಿಸಿದರು. ಆಮೇಲೆ ಅವರ ಬೆರಳು ಕೀಬೋರ್ಡ್ ಮೇಲೇ ನಿಂತುಬಿಟ್ಟಿತು. ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಅಣ್ಣ... ನಿಮ್ಮ ಹೆಸರು?"

"ಮುನಿರಾಜು" ಅಂದೆ.

ಮೂರು ವರ್ಷ ಒಂದೇ ದೋಣಿಯಲ್ಲಿ ಎದುರುಬದುರು ಕೂತಿದ್ದೇವೆ; ಹೆಸರು ಕೇಳೋಕೆ ಹೊಸ ಥರದ ಫೈಲೇ ಬರಬೇಕಾಯಿತು.