ನನ್ನ ಚೆಂದದ ಪ್ಲಾಸ್ಟರು

ನಮ್ಮ ಮನೆಯ ಸೀಲಿಂಗಿಗೆಂದು ಬಿಳಿ ಪುಡಿ ಕಲಸುತ್ತಿದ್ದ ಕೆಲಸಗಾರ ನಿನ್ನೆ ನನ್ನನ್ನು ಎರಡು ಸಲ ಪಕ್ಕಕ್ಕೆ ಸರಿಸಿದ. ಒದ್ದೆ ಪ್ಲಾಸ್ಟರಿನ ವಾಸನೆ ಬಂದರೆ ನಾನು ಹಾಗೆಯೇ, ಬಕೆಟ್ಟಿನ ಹತ್ತಿರ ಹೋಗಿ ನಿಂತುಬಿಡುತ್ತೇನೆ. ಬೇರೆಯವರಿಗೆ ಮಲ್ಲಿಗೆಯಿಂದಲೋ ಒಗ್ಗರಣೆಯಿಂದಲೋ ಹಳೆಯ ದಿನಗಳು ನೆನಪಾಗುತ್ತವಂತೆ. ಮುರಿದ ಕೈಕಾಲಿಗೆ ಇದೇ ಪುಡಿ ಮೆತ್ತಿದ ಮೂಳೆ ಡಾಕ್ಟರ ಹಣೆಯಲ್ಲಿ ಬರೆದದ್ದು ಇಷ್ಟೇ.

ಎಂಬತ್ತರ ದಶಕದ ಮೊದಲಲ್ಲಿ, ಎಂ.ಎಸ್. ಓದಿನ ನಡುವೆ, ನನ್ನನ್ನು ಕೋಲಾರದ ಒಂದು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತರಬೇತಿಗೆ ಹಾಕಿದರು. ಮಾಲೂರಿನವನಾದ ನಾನು ಮನೆ ಹತ್ತಿರವಾಯಿತೆಂದು ಖುಷಿಪಟ್ಟೆ. ಆ ಖುಷಿ ಒಂದು ವಾರ ಉಳಿಯಿತು. ನಂಗಲಿ ರಸ್ತೆಯ ಲಾರಿಗಳು ಮುರಿದು ಕಳಿಸಿದ ಕೈಕಾಲುಗಳು ಸಾಲದೆಂಬಂತೆ, ಮಾವಿನ ಕಾಲ ಬಂತೆಂದರೆ ಶ್ರೀನಿವಾಸಪುರದ ತೋಪುಗಳಲ್ಲಿ ಮರದಿಂದ ಬಿದ್ದವರು ದಿನಕ್ಕೊಬ್ಬರಂತೆ ಬರುತ್ತಿದ್ದರು.

ನಮ್ಮ ದೊಡ್ಡ ಡಾಕ್ಟರದು ಒಂದು ಕಟ್ಟಳೆ. ಪ್ಲಾಸ್ಟರ್ ಹಾಕಿದವನು ಅದರ ಮೇಲೆ ಇಂಕ್ ಪೆನ್ಸಿಲಿನಲ್ಲಿ ತನ್ನ ಹೆಸರು ಬರೆಯಬೇಕು. ತಪ್ಪು ಯಾರದೆಂದು ಗೊತ್ತಾಗಲಿ ಎಂಬುದು ಅವರ ಲೆಕ್ಕ. ನಾನೋ, ಅದನ್ನು ಚಿತ್ರಕಾರನ ರುಜು ಎಂದುಕೊಂಡಿದ್ದೆ. ಒದ್ದೆ ಅಂಗೈಯಿಂದ ಉಜ್ಜಿ ಉಜ್ಜಿ ಪ್ಲಾಸ್ಟರನ್ನು ನುಣುಪು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಒಂದು ಬೆಳಿಗ್ಗೆ ಮಾವು ಕೀಳುವ ನಾರಾಯಣಸ್ವಾಮಿ ಬಂದ. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಇಂಜೆಕ್ಷನ್ ಸೂಜಿ ಕಂಡೇ ಊರು ಕೇಳುವಂತೆ ಕಿರುಚಿದ. ಮೂಳೆ ಕೂಡಿಸಿ, ತೊಡೆಯಿಂದ ಬೆರಳ ಬುಡದವರೆಗೆ ಪ್ಲಾಸ್ಟರ್ ಹಾಕಿ, ಹೆಸರು ಬರೆದೆ. ಅಷ್ಟು ಒಳ್ಳೆಯದನ್ನು ನಾನು ಅದುವರೆಗೆ ಹಾಕಿರಲಿಲ್ಲ. ಸಂಜೆ ನಾಲ್ಕಕ್ಕೆ ದೊಡ್ಡ ಡಾಕ್ಟರು ವಾರ್ಡಿಗೆ ಬರುವವರಿದ್ದರು. ಅವರ ಬಾಯಿಂದ ಒಂದು ಹೊಗಳಿಕೆ ಕೇಳಬೇಕೆಂದು ನಾನು ಕಾಯುತ್ತಿದ್ದೆ.

ಮಧ್ಯಾಹ್ನ ಅವನು ತನ್ನ ತೆಲುಗಿನಲ್ಲಿ ನೊಪ್ಪಿ, ನೊಪ್ಪಿ ಎಂದು ನೋವು ಹೇಳಲು ಶುರು ಮಾಡಿದ. ಸೂಜಿಗೇ ಅತ್ತವನ ನೋವನ್ನು ಯಾರು ನಂಬುತ್ತಾರೆ? ನೋವಿನ ಇಂಜೆಕ್ಷನ್ ಕೊಡಿಸಿ ಊಟಕ್ಕೆ ಹೋದೆ. ಕೈ ತೊಳೆಯುವಷ್ಟರಲ್ಲಿ ಪ್ಲಾಸ್ಟರ್ ರೂಮಿನ ಗೌಸ್ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಮುಳಬಾಗಿಲಿನವರು, ನನಗಿಂತ ಇಪ್ಪತ್ತು ವರ್ಷ ಹೆಚ್ಚು ಪ್ಲಾಸ್ಟರ್ ನೋಡಿದವರು.

"ಸೂಜಿಗೆ ಕೂಗಾಡ್ದೋನು ಸಾಬ್, ಈಗ ಹಲ್ಲು ಕಚ್ಕೊಂಡು ಮಲಗವ್ನೆ. ಇದು ಬೇರೆ ನೋವು," ಎಂದರು.

ಹೋಗಿ ನೋಡಿದೆ. ಬೆರಳುಗಳು ಊದಿ ತಣ್ಣಗಾಗಿದ್ದವು. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಿ ಬರಲೊಲ್ಲದು. ಹೆಬ್ಬೆರಳನ್ನು ಮೆಲ್ಲಗೆ ಮೇಲೆತ್ತಿದಾಗ ಆ ಮನುಷ್ಯ ಮಂಚದ ಮೇಲೆ ಬಿಲ್ಲಿನಂತೆ ಬಾಗಿದ. ಒಳಗೆ ಕಾಲು ಊದುತ್ತಿತ್ತು, ಹೊರಗೆ ನನ್ನ ಪ್ಲಾಸ್ಟರು ಜಾಗ ಕೊಡುತ್ತಿರಲಿಲ್ಲ. ಇನ್ನು ಕೆಲವು ಗಂಟೆ ಹಾಗೇ ಬಿಟ್ಟಿದ್ದರೆ ಒಳಗಿನ ಮಾಂಸ ಸತ್ತು, ಕಾಲನ್ನೇ ತೆಗೆಯಬೇಕಾಗುತ್ತಿತ್ತು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು ನಾನೇ!

ನಾಚಿಕೆ ಬಿಟ್ಟು ಹೇಳುತ್ತೇನೆ, ಕತ್ತರಿ ಹಿಡಿದ ಮೇಲೂ ಒಂದು ಕ್ಷಣ ಕೈ ತಡೆಯಿತು. ಅಷ್ಟು ಚೆಂದವಿತ್ತು. ಆಮೇಲೆ ಕೊಯ್ದೆ, ತೊಡೆಯಿಂದ ಬೆರಳಿನವರೆಗೆ, ಒಳಗಿನ ಹತ್ತಿಯನ್ನೂ ಸೇರಿಸಿ, ಚರ್ಮ ಕಾಣುವವರೆಗೆ. ನನ್ನ ಹೆಸರು ಸರಿಯಾಗಿ ನಡುವೆ ಸೀಳಿಹೋಯಿತು. ಗೌಸ್ ಸಾಹೇಬರು ಪ್ಲಾಸ್ಟರನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ನಾನು ಹೆಬ್ಬೆರಳ ಉಗುರನ್ನು ಒತ್ತುತ್ತಾ, ಬಿಡುತ್ತಾ, ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಾ ಕೂತೆ.

ಕೆಂಪು ಬಂತು. ನಾರಾಯಣಸ್ವಾಮಿ ಉಸಿರು ಬಿಟ್ಟು, "ಸಾರ್, ಈಗ ಕಾಲು ನಂದಾಯ್ತು," ಎಂದ. ನನಗೆ ಅಳು ಬಂತು. ನಾಲ್ಕಕ್ಕೆ ಬಂದ ದೊಡ್ಡ ಡಾಕ್ಟರು ಎರಡು ತುಂಡಾದ ಹೆಸರನ್ನು ನೋಡಿದರು, ತಾವೂ ಉಗುರು ಒತ್ತಿದರು, ಮುಂದಿನ ಮಂಚಕ್ಕೆ ಹೋದರು.

ಮರು ವರ್ಷ ಮಾವಿನ ಕಾಲಕ್ಕೆ ಆಸ್ಪತ್ರೆಯ ಅಂಗಳದಲ್ಲಿ ಗದ್ದಲ. ಓಡಿ ಹೋಗಿ ನೋಡಿದರೆ ನಾರಾಯಣಸ್ವಾಮಿ ಅಲ್ಲಿನ ಬೇವಿನ ಮರದ ತುದಿಯಲ್ಲಿದ್ದ. ಕಾಲು ಸರಿಹೋಗಿದೆ ಎಂದು ಬಾಯಲ್ಲಿ ಹೇಳಿದರೆ ಡಾಕ್ಟರು ನಂಬುವುದಿಲ್ಲವಂತೆ. ವಾರ್ಡಿನವರೆಲ್ಲ ಊರುಗೋಲು ಹಿಡಿದು ಕೆಳಗೆ ನಿಂತು ನಗುತ್ತಿದ್ದರು. ದೊಡ್ಡ ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿನ್ನ ಪೇಷಂಟು ಕಣೋ. ನೀನೇ ಇಳಿಸ್ಕೋ," ಎಂದರು. ನನಗೆ ಸಿಕ್ಕ ಚಿನ್ನದ ಪದಕ ಅದೇ.

ಆಮೇಲಿನ ವರ್ಷಗಳಲ್ಲಿ ಮುರಿದ ಮೂಳೆಗಳಿಗೆ ಸರಳು, ತಿರುಪು, ಉಕ್ಕಿನ ಪಟ್ಟಿ ಎಲ್ಲವನ್ನೂ ಹಾಕಿದೆ. ನಿಮ್ಮ ದೊಡ್ಡ ಆಪರೇಷನ್ ಯಾವುದೆಂದು ಯಾರಾದರೂ ಕೇಳಿದರೆ ಉದ್ದದ ಇಂಗ್ಲಿಷ್ ಹೆಸರೊಂದನ್ನು ಹೇಳಿ ಬೀಗುತ್ತಿದ್ದೆ. ನಿನ್ನೆ ಏಣಿಯ ಮೇಲಿಂದ ಆ ಕೆಲಸಗಾರ ಅದನ್ನೇ ಕೇಳಿದ. ಮೊದಲ ಸಲ ನಿಜ ಹೇಳಿದೆ: ನಾನೇ ಹಾಕಿದ ಪ್ಲಾಸ್ಟರನ್ನು ನಾನೇ ಕೊಯ್ದದ್ದು.